ಗುಂಡಪ್ಪನವರ ನಿಜಬಣ್ಣ

ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದು ಎಂಬ ಒಂದು ಶಾಸ್ತ್ರ ಇಲ್ಲದಿದ್ದರೆ ಗುಂಡಪ್ಪನವರು ಆ ಶನಿವಾರ ಬೆಳಿಗ್ಗೆ ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಎದುರುಮನೆಯ ಫೊಲಾಕೆ ಹಿಂದಿನ ವಾರ ಒಂದು ಡಬ್ಬಿ ತುಂಬ ಕೆಂಪನೆಯ ಖಾರದನ್ನ ತಂದು, ಮಾಂಸ ಹಾಕಿಲ್ಲ ಎಂದು ಮೂರು ಸಲ ಆಣೆಯಿಟ್ಟು ಕೊಟ್ಟುಹೋಗಿದ್ದಳು. ಆ ಡಬ್ಬಿಗೆ ರತ್ನಮ್ಮ ಕೋಡುಬಳೆ ತುಂಬಿ, "ಕೊಟ್ಬನ್ನಿ. ಅಲ್ಲೇ ಬೇರು ಬಿಡಬೇಡಿ" ಎಂದು ಗಂಡನನ್ನು ಅಟ್ಟಿದರು.

ಗಂಡಹೆಂಡಿರು ಅರಸೀಕೆರೆಯವರು. ಮಗಳು ಸಿಂಧು ಐರ್ಲೆಂಡಿನ ಕಾರ್ಕ್‌ನಲ್ಲಿ ಡಾಕ್ಟರು. ಅಲ್ಲಿನ ಡಗ್ಲಸ್ ಬಡಾವಣೆಯ ಅವಳ ಮನೆಗೆ ಬಂದು ಸೇರಿದ ಮೇಲೆ ಎರಡು ಚಳಿಗಾಲ ಕಳೆದಿದ್ದವು. ಬರುವ ಭಾನುವಾರ ಅಪ್ಪನಿಗೆ ಎಪ್ಪತ್ತು ತುಂಬುತ್ತದೆಂದು ಸಿಂಧು ಅವರದೊಂದು ದೊಡ್ಡ ಫೋಟೋ ಮಾಡಿಸಿ ಹಾಲ್‌ನ ಗೋಡೆಗೆ ಹಾಕಿಸುವವಳಿದ್ದಳು. ಯಾವ ಫೋಟೋ ಎಂಬುದನ್ನು ಸಂಜೆಯೊಳಗೆ ಹೇಳಬೇಕಿತ್ತು. ಗುಂಡಪ್ಪನವರ ಸಂಕಟವೆಲ್ಲ ಅದೇ.

ಅವರದು ಮಾಗಿದ ನೇರಳೆಹಣ್ಣಿನ ಬಣ್ಣ. ಆ ಬಣ್ಣ ಇಷ್ಟು ವರ್ಷದಲ್ಲಿ ಒಂದು ಫೋಟೋದಲ್ಲೂ ಮೂಡಿರಲಿಲ್ಲ. ಸ್ಟುಡಿಯೋಗೆ ಕಾಲಿಟ್ಟರೆ ಸಾಕು, ಫೋಟೋದವನು ಪೌಡರ್ ಡಬ್ಬಿ ಹಿಡಿದು ಬರುತ್ತಿದ್ದ. ಮದುವೆ ಫೋಟೋದಲ್ಲಿ ಅಕ್ಕಿಹಿಟ್ಟಿನಲ್ಲಿ ಹೊರಳಿಸಿದ ಬದನೆಕಾಯಿಯ ಹಾಗೆ ನಿಂತಿದ್ದರು. ಪೌಡರಿನ ಕಾಲ ಹೋಗಿ ಕಂಪ್ಯೂಟರ್ ಬಂತು. ಅದು ಒಂದೇ ಏಟಿಗೆ ಸುಣ್ಣ ಬಳಿಯಿತು. ರತ್ನಮ್ಮ ಗೋಡೆಗೆಂದು ಆರಿಸಿದ್ದೂ ಅಂಥ ಬಿಳಿಯ ಫೋಟೋವನ್ನೇ. ಒಂದು ಸಲವಾದರೂ ಗೋಡೆಯ ಮೇಲೆ ನನ್ನ ಮುಖವೇ ಇರಲಿ ಎಂದು ಗುಂಡಪ್ಪನವರಿಗೆ ಆಸೆ. ಆದರೆ ಹೇಳಿದರೆ, "ನಿಮ್ಮ ಮುಖ ನೋಡೋಕೆ ಕನ್ನಡಿ ಐತಲ್ಲ" ಎಂದಾಳು ಎಂದು ನುಂಗಿಕೊಂಡಿದ್ದರು.

ಫೊಲಾಕೆಯ ಮನೆಯೊಳಗೆ ಸೋಫಾ ಗೋಡೆಗೊರಗಿ ನಿಂತಿತ್ತು. ಫೋಟೋ ತೆಗೆಯಲೆಂದು ಅವಳು ನಿಲ್ಲಿಸಿದ್ದ ಬಿಳಿ ಕೊಡೆಗಳ ಕೆಳಗೆ ದೀಪಗಳು ಉರಿಯುತ್ತಿದ್ದವು. ಪಕ್ಕದ ಮನೆಯ ಜಯರಾಮ ಆಗಲೇ ಬಂದು ಸೇರಿದ್ದ. ಅವನೂ ಅರಸೀಕೆರೆಯವನೇ, ಊರಾಚೆಯ ಲಿಟಲ್ ಐಲ್ಯಾಂಡ್‌ನ ಕಂಪನಿಯೊಂದರಲ್ಲಿ ಕೆಲಸ, ಕನ್ನಡ ಸಂಘದ ಕಾರ್ಯದರ್ಶಿ. ಬೀದಿಯಲ್ಲಿ ಯಾರ ಮನೆ ಬಾಗಿಲು ತೆರೆದರೂ ಒಳಗೆ ಮೊದಲು ಹೋಗುವುದು ಗಾಳಿ, ಆಮೇಲೆ ಜಯರಾಮ.

"ದೇವರು ಕಳಿಸ್ದಂಗೆ ಬಂದ್ರಿ ಗುಂಡಪ್ಪನೋರೆ! ಈಕೆ ಚಿಕ್ಕಪ್ಪ ಫೋಟೋಗೆ ನಿಲ್ಲಬೇಕಿತ್ತು, ಡಬ್ಲಿನ್‌ನಲ್ಲಿ ಟ್ರೇನ್ ತಪ್ಪಿಸ್ಕೊಂಡವ್ರೆ. ಅವರು ಬರೋದ್ರೊಳಗೆ ಬೆಳಕು ಸರಿ ಮಾಡ್ಕೋಬೇಕಂತೆ, ಅದೇ ಬಣ್ಣದೋರು ಒಬ್ರು ಬೇಕಂತೆ. ನಾನು ನಿಂತೆ. ಸಾಲ್ದು ಅಂದ್ಲು."

ಗುಂಡಪ್ಪನವರ ಬಣ್ಣ ಒಂದು ಅರ್ಹತೆಯಾದದ್ದು ಜೀವಮಾನದಲ್ಲಿ ಅದೇ ಮೊದಲು. "ಆಗಲಿ ಫೋಲಾ ಅವರೇ" ಎಂದು ಹೋಗಿ ದೀಪದ ಮುಂದೆ ನಿಂತರು. ಫೊಲಾಕೆ ಎಂಬ ಹೆಸರಿನ ಕೊನೆಯ 'ಆಕೆ' ಕನ್ನಡದ್ದೇ ಎಂದು ಅವರು ತಿಳಿದಿದ್ದರು. ಎದುರಿಗೇ ಹಾಗೆ ಕರೆಯುವುದು ಮರ್ಯಾದೆಯಲ್ಲ ಎಂದು 'ಫೋಲಾ ಅವರೇ' ಮಾಡಿಕೊಂಡಿದ್ದರು.

ನಿಂತಲ್ಲಿಂದಲೇ ಗೋಡೆಯ ಚಿತ್ರಗಳನ್ನು ನೋಡಿದರು. ಬೂದಿ ಬಣ್ಣದ ಕಡಲಿನ ಮುಂದೆ ಅರಿಶಿನ ಬಣ್ಣದ ಉಡುಗೆಯಲ್ಲಿ ಒಬ್ಬ ಕಪ್ಪು ಹೆಂಗಸು, ರಾಣಿಯ ಹಾಗೆ. ಬಸ್ ಸ್ಟಾಪಿನಲ್ಲಿ ಬಿಳಿ ಸೂಟು ತೊಟ್ಟ ಹುಡುಗ, ಕಣ್ಣಂಚಿನಲ್ಲಿ ಹನಿ. ಬಾಯ್ತುಂಬ ನಗುವ ಮುದುಕಿ. ಒಬ್ಬರ ಕಪ್ಪಿನ ಹಾಗೆ ಇನ್ನೊಬ್ಬರದಿಲ್ಲ. ಒಬ್ಬರದು ಕಾಫಿಬೀಜ, ಒಬ್ಬರದು ಕಬ್ಬಿಣ, ಒಬ್ಬರದು ಉಳುಮೆಯಾದ ಎರೆಹೊಲ.

ಫೊಲಾಕೆ ಏನೋ ಹೇಳಿದಳು. ಜಯರಾಮ ಕನ್ನಡಕ್ಕಿಳಿಸಿದ. "ನೈಜೀರಿಯಾ ಬಿಟ್ಟು ಇಲ್ಲಿಗೆ ಬಂದಾಗ ಚಿಕ್ಕೋಳಂತೆ. ಸ್ಕೂಲ್ ಫೋಟೋದಲ್ಲಿ ಎಲ್ಲ ಮಕ್ಕಳ ಮುಖಾನೂ ಬಂದಿತ್ತಂತೆ, ಈಕೆದು ಹಲ್ಲು ಮಾತ್ರ ಬಂದಿತ್ತಂತೆ. ಕಪ್ಪು ಮುಖಕ್ಕೆ ಬೆಳಕು ಹೊಂದಿಸೋಕೆ ಯಾರಿಗೂ ಪುರುಸೊತ್ತಿರಲಿಲ್ಲ. ಅದಕ್ಕೇ ತಮ್ಮ ಜನಕ್ಕೆ ಚೆನ್ನಾಗಿ ಉಡಿಸಿ ತೊಡಿಸಿ ತಾನೇ ತೆಗೀತಾಳಂತೆ. ಪರದೇಶದಲ್ಲಿ ನಗೋದು, ಅಳೋದು, ಊರು ನೆನೆಸ್ಕೊಳೋದು, ಎಲ್ಲಾ ಆ ಬಣ್ಣದಲ್ಲೇ ಚೆಂದ ಕಾಣ್ಬೇಕಂತೆ."

"ಅವರಿಗೆ ಹಲ್ಲಾದ್ರೂ ಬಂತು. ನನಗೆ ಬರೀ ಪೌಡರ್" ಎಂದರು ಗುಂಡಪ್ಪ.

ಜಯರಾಮ ಅದನ್ನೂ ಇಂಗ್ಲಿಷಿಗೆ ತಿರುಗಿಸಿದ. ಫೊಲಾಕೆ ನಗಲಿಲ್ಲ, ಹತ್ತಿರ ಬಂದು ಅವರ ಎರಡು ಕೈಯನ್ನೂ ಹಿಡಿದುಕೊಂಡಳು. ಗೋಡೆಯ ಚಿತ್ರಗಳು ತನ್ನ ಜನರ ಕತೆ, ಅದರಲ್ಲಿ ಅವರನ್ನು ಬೆರೆಸಲಾರೆ, ಅವರ ಕತೆ ಬೇರೆಯೇ ಇದೆ, ಆದರೆ ಅವರಿಗೇ ಎಂದು ಒಂದು ತೆಗೆದುಕೊಡುವೆ ಎಂದಳು.

ಅಷ್ಟರಲ್ಲಿ ರತ್ನಮ್ಮ ಬಂದರು. ಕಿಟಕಿಯಿಂದ ದೀಪ ಕಂಡಿತ್ತು, ದೀಪದ ಮುಂದೆ ಗಂಡ ಕಂಡಿದ್ದರು, ಬರುವಾಗಲೇ ಕೈಯಲ್ಲಿ ಪೌಡರ್ ಡಬ್ಬಿ ಇತ್ತು.

"ಹಿಂಗೇ ನಿಂತ್ಬಿಟ್ರಾ? ಮುಖ ಕೊಡಿ ಇಲ್ಲಿ." ಫಟ್ಟನೆ ಎರಡು ಕೆನ್ನೆಗೂ ಹಾಕಿದರು.

"ನೋ ಪೌಡರ್, ಮಮ್ಮಾ!" ಫೊಲಾಕೆ ಒದ್ದೆ ಬಟ್ಟೆಯಿಂದ ಒರೆಸಿದಳು.

"ನೋ ಅಂದ್ರೆ? ಗಂಡ ನನ್ನೋರು ಕಣಮ್ಮ!" ಮತ್ತೆ ಹಾಕಿದರು.

ಮತ್ತೆ ಒರೆಸಿದಳು. ಒಬ್ಬರು ಬಳಿಯುವುದು, ಇನ್ನೊಬ್ಬರು ಅಳಿಸುವುದು; ನಡುವೆ ಗುಂಡಪ್ಪನವರ ಮುಖ ಒಂದನೇ ಕ್ಲಾಸಿನ ಸ್ಲೇಟಾಯಿತು. ಕೊನೆಗೆ ಜಯರಾಮ ನಡುವೆ ನಿಂತು, "ಒಂದೇ ಒಂದು ತೆಗೀತಾಳಂತೆ. ನಿಮಗೆ ಹಿಡಿಸದಿದ್ರೆ ಅಳಿಸ್ತಾಳಂತೆ" ಎಂದು ರಾಜಿ ಮಾಡಿಸಿದ.

ಫೊಲಾಕೆ ಕ್ಯಾಮೆರಾದ ಹಿಂದೆ ಬಾಗಿದಳು. "ಇಮೋಷನ್, ಪಾಪಾ."

"ಮುಖ ಭಾವಪೂರ್ಣವಾಗಿರಬೇಕಂತೆ!" ಎಂದು ಜಯರಾಮ ಕೂಗಿದ.

ಗುಂಡಪ್ಪನವರಿಗೆ ಭಾವ ಎಲ್ಲಿಂದ ತರುವುದೋ ತಿಳಿಯಲಿಲ್ಲ. ಸುಮ್ಮನೆ ಅವ್ವನನ್ನು ನೆನೆದರು. ಕೇರಿಯ ಹುಡುಗರು ಕರಿಯ ಎಂದು ಆಡಿಕೊಂಡಾಗ ಅವ್ವ ಸೆರಗಿನಲ್ಲಿ ಮೂಗೊರೆಸಿ, "ಮಳೆ ತರೋ ಮೋಡ ಯಾವತ್ತಾದ್ರೂ ಬೆಳ್ಳಗಿರ್ತದೇನೋ ಮಗ?" ಎಂದಿದ್ದಳು. ಕ್ಯಾಮೆರಾ ಕ್ಲಿಕ್ ಎಂದಿತು.

ರತ್ನಮ್ಮ ಬಾಗಿ ಫೋಟೋ ನೋಡಿದರು. ಪೌಡರ್ ಡಬ್ಬಿಯ ಮುಚ್ಚಳ ತಾನಾಗಿಯೇ ಮುಚ್ಚಿಕೊಂಡಿತು.

"ಇವ್ರೇ ಕಣಪ್ಪಾ, ಜಯರಾಮ. ನನ್ನ ನೋಡಕ್ಕೆ ಬಂದಾಗ ಬಾಗಿಲಲ್ಲಿ ನಿಂತಿದ್ದೋರು ಇವ್ರೇ. ಇಷ್ಟು ದಿನ ಎಲ್ಲಿ ಹೋಗಿದ್ರೋ! ಸಿಂಧೂಗೆ ಇದನ್ನೇ ಕಳ್ಸು."

ಗುಂಡಪ್ಪನವರಿಗೆ ಯಾರಿಗೆ ಕೈಮುಗಿಯುವುದೋ ತೋಚದೆ ಫೊಲಾಕೆಗೂ ಮುಗಿದರು, ಅವಳ ಕ್ಯಾಮೆರಾಗೂ ಮುಗಿದರು. ಮನೆಗೆ ಬಂದು ಮಧ್ಯಾಹ್ನ ಊಟಕ್ಕೆ ಕೂತರೆ ಹುಳಿಯ ರುಚಿಯೇ ಬೇರೆಯಾಗಿತ್ತು.

ಎರಡನೇ ಸಲ ಬಡಿಸಿಕೊಳ್ಳುವಾಗ ರತ್ನಮ್ಮನ ಫೋನ್ ಹೊಡೆದುಕೊಂಡಿತು. ಊರಿಂದ ಅವರ ತಮ್ಮ ವಿಶ್ವೇಶ್ವರ. ರತ್ನಮ್ಮ ಒಲೆಯ ಹತ್ತಿರ ಇದ್ದರು. ಗುಂಡಪ್ಪ ಎತ್ತಿದರು.

"ಅಕ್ಕಾ... ಧೈರ್ಯ ತಗೋ ಅಕ್ಕಾ..."

"ಲೋ, ಅಕ್ಕ ಅಲ್ಲ ಕಣೋ, ನಾನು. ಏನಾಯ್ತೋ?"

ಆ ಕಡೆ ಅಳು ಗಕ್ಕನೆ ನಿಂತಿತು. "ಯಾರು ಮಾತಾಡ್ತಿರೋದು?"

"ನಿಮ್ಮ ಭಾವ."

"ಭಾವ ಇಲ್ವಲ್ಲ!"

"ಇದೀನಲ್ಲೋ! ಹುಳಿ ಅನ್ನ ಉಣ್ತಾ ಇದೀನಿ!"

"ಹಂಗಾದ್ರೆ ಜಯರಾಮ ಊರಿನ ವಾಟ್ಸಾಪಲ್ಲಿ ಹಾಕಿದ್ದೇನು? ನಿಮ್ಮ ಫೋಟೋ, ಕೆಳಗೆ 'ಭಾವ ಪೂರ್ಣ'. ನಮ್ಮ ಭಾವ ಪೂರ್ಣ ಆಗ್ಬಿಟ್ರು ಅಂತ ನಾನು ನೆಲಕ್ಕೆ ಕೂತೆ!"

ಜಯರಾಮನನ್ನು ಕರೆಸಿದರು. ಅವನು ಹೆಮ್ಮೆಯಿಂದ ಒಂದೇ ಒಂದು ಮಾತು ಬರೆದಿದ್ದ; ಹೆಬ್ಬೆರಳು ಎಡವಿ ಅದು ಎರಡಾಗಿತ್ತು. ವಿಶ್ವೇಶ್ವರನಿಗೆ ಭಾವ ಕಂಡರು. ಉಳಿದ ಊರಿಗೆ ಕಂಡದ್ದು ಬೇರೆ. ಕನ್ನಡದಲ್ಲಿ ಭಾವಪೂರ್ಣ ಎಂಬ ಮಾತು ಒಂಟಿಯಾಗಿ ಓಡಾಡುವುದಿಲ್ಲ, ಹಿಂದೆಯೇ ಶ್ರದ್ಧಾಂಜಲಿ ಬರುತ್ತದೆ. ಅದನ್ನು ಜನರೇ ಸೇರಿಸಿಕೊಂಡಿದ್ದರು.

"ಶುದ್ಧ ಕನ್ನಡ ಬಳಸಿದ್ದೇ ತಪ್ಪಾಯ್ತಾ?" ಎಂದು ಜಯರಾಮ ನೊಂದುಕೊಂಡ.

"ನೀನು ಸುಮ್ಕಿರಪ್ಪ. ಏನೇನು ಬರೆದವ್ರೆ, ಓದು" ಎಂದರು ಗುಂಡಪ್ಪ.

"ಎಂಥ ಕಳೆ!" "ಚಿನ್ನದಂಥ ಮನುಷ್ಯ." ರತ್ನಮ್ಮನ ಅಕ್ಕ ದ್ರಾಕ್ಷಾಯಿಣಿ, "ಆ ಗಂಡು ಬ್ಯಾಡ ಕಣೆ, ಕತ್ತಲಾದ್ರೆ ಹುಡುಕೋಕಾಗಲ್ಲ" ಎಂದು ಮದುವೆಗೆ ಅಡ್ಡಗಾಲು ಹಾಕಿದ್ದವರು, "ಶ್ರೀಕೃಷ್ಣನ ಹಾಗಿದ್ದರು" ಎಂದು ಬರೆಸಿದ್ದರು. ಬದುಕಿದ್ದು ಇಷ್ಟು ಕೇಳುವ ಪುಣ್ಯ ಎಷ್ಟು ಜನಕ್ಕಿದೆ? ಗುಂಡಪ್ಪನವರ ಕಣ್ಣು ತುಂಬಿತು. ಎಲ್ಲರಿಗೂ ಒಳ್ಳೇದಾಗಲಿ ಎಂದರು.

"ಇನ್ನೊಂದೈತೆ ಭಾವ," ಸ್ಪೀಕರ್ ಫೋನಿನಲ್ಲೇ ಇದ್ದ ವಿಶ್ವೇಶ್ವರ ಕೆಮ್ಮಿದ. "ಬಸ್ ಸ್ಟ್ಯಾಂಡ್ ಹತ್ರ ಫ್ಲೆಕ್ಸ್ ಕಟ್ಸಿದ್ವಿ. ಹಾರ ಹಾಕಿ, ಊದುಬತ್ತಿ ಹಚ್ಚಿ ಆಗೋಯ್ತು."

ರತ್ನಮ್ಮ ಸೌಟು ಕೆಳಗಿಟ್ಟರು. ತಮ್ಮನ ಫೋನ್ ಇಟ್ಟು, ಆಸ್ಪತ್ರೆಯಲ್ಲಿದ್ದ ಮಗಳಿಗೆ ಫೋನ್ ಮಾಡಿದರು. "ಸಿಂಧೂ, ಈಗ ಕಳ್ಸಿದ್ದು ಬ್ಯಾಡ. ಹಾರ ಬಿದ್ದ ಫೋಟೋ ಬದುಕಿರೋರ ಮನೇಲಿ ಹಾಕ್ತಾರೇನೆ? ಮೊದಲಿನ ಬಿಳೀದೇ ಮಾಡ್ಸು."

"ರತ್ನಾ, ಅದು ಚೆಂದಿತ್ತಲ್ಲೇ..."

"ಚೆಂದಿಲ್ಲ ಅಂದೋರ್ಯಾರು? ಜೋಪಾನವಾಗಿ ಎತ್ತಿಡ್ತೀನಿ. ನೀವು ಹೋದ್ಮೇಲೆ ಅದನ್ನೇ ಹಾಕಿಸ್ತೀನಿ, ನಿಮ್ಮಾಣೆ."

ಗುಂಡಪ್ಪನವರಿಗೆ ಸಿಟ್ಟು ಬರಲಿಲ್ಲ. ತಮ್ಮ ಮುಖದ್ದೊಂದು ಫೋಟೋ ಲೋಕದಲ್ಲಿ ಅಂತೂ ಆಯಿತಲ್ಲ, ಫೋಲಾ ಅವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಮಜ್ಜಿಗೆಗೆ ಕೈ ಚಾಚಿದರು. ಅದು ಗೋಡೆ ಏರುವುದಕ್ಕೆ ಇನ್ನು ಅವರಿಂದ ಆಗಬೇಕಾದ ಕೆಲಸ ಒಂದೇ ಉಳಿದಿತ್ತು. ಅದಕ್ಕೇನೂ ಅವಸರವಿಲ್ಲ.