ಅತ್ತಿ ಮಲಗಿ ನೋಡಿದ ಮನೆಗಳು

ನಮ್ಮ ಅತ್ತಿ ಈ ಭೂಮಿಯ ಮೇಲೆ ಯಾವ ಮನೆಯಲ್ಲಿ ಬೇಕಾದರೂ ಸುಖವಾಗಿ ನಿದ್ದೆ ಮಾಡಬಲ್ಲರು. ಷರತ್ತು ಒಂದೇ, ಆ ಮನೆ ಅವರ ಸ್ವಂತದ್ದಾಗಿರಬಾರದು!

ಅತ್ತಿ ಎಂದರೆ ನಮ್ಮ ಅಪ್ಪನ ಅಕ್ಕ. ಮದುವೆಯ ಗೊಡವೆಗೆ ಹೋಗದೆ, ಸರ್ಕಾರಿ ಶಾಲೆಯ ಹೊಲಿಗೆ ಟೀಚರಾಗಿ ಗದಗ ಸೀಮೆಯ ಊರೂರು ವರ್ಗವಾಗುತ್ತ, ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದವರು. ನಿವೃತ್ತಿಯಾದಾಗ ಅಪ್ಪ, "ಅಕ್ಕಾ, ಇನ್ನರ ಒಂದು ಸಣ್ಣ ಮನಿ ತಗೋ" ಎಂದು ಅಂಗಲಾಚಿದ್ದರು.

"ಯಾಕಪಾ? ನಳ ಸೋರಿದ್ರ ನಾನ ರಿಪೇರಿ ಮಾಡಸಬೇಕು. ಬೈಯಾಕ ಒಬ್ಬ ಮಾಲಕನೂ ಇರೂದಿಲ್ಲ. ಅದೇನ ಸುಖ?" ಎಂದು ಅತ್ತಿ ಕೇಳಿದರು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ನಿಮ್ಮ ಬಳಿ ಇದಕ್ಕೆ ಉತ್ತರ ಇದೆಯೇ?

ಇಂಥ ಅತ್ತಿಯ ಕಿವಿಗೆ, ನನಗೆ ಬ್ಯಾಂಕಿನಲ್ಲಿ ಬಡ್ತಿ ಬಂದ ಸುದ್ದಿ ಬಿತ್ತು. ಬಡ್ತಿಯ ಬೆನ್ನಿಗೇ ವಾರಾಣಸಿಗೆ ವರ್ಗ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಗೋಡೆಯ ಭೂಪಟದ ಮುಂದೆ ನಿಂತು, ಗದಗಿನಿಂದ ಗಂಗೆಯವರೆಗೆ ಗೇಣು ಹಾಕಿ ಅಳೆದು ನಿಟ್ಟುಸಿರು ಬಿಟ್ಟರು. ಅತ್ತಿ ಮಾತ್ರ ಫೋನಿನಲ್ಲಿ ಕುಣಿದಾಡಿಬಿಟ್ಟರು!

"ಏನಂದಿ? ಕಾಶಿಗೆ? ಪಗಾರ ಕೊಟ್ಟು ಕಳಸ್ತಾರೇನ! ಮಂದಿ ರೊಕ್ಕಾ ಖರ್ಚ ಮಾಡಿ ಹೋಕ್ಕಾರ ಅಲ್ಲಿಗೆ! ಮನಿ ನೋಡಾಕ ನಾ ಬರತೀನಿ. ಮನಿ ನೋಡೂದು ನಿನಗ ತಿಳಿಯೂದಿಲ್ಲ."

ಹೊರಡುವ ದಿನ ಅತ್ತಿ ಸ್ಟೇಷನ್ನಿಗೆ ಬಂದಾಗ ಅವರ ಕಂಕುಳಲ್ಲಿ ಸುತ್ತಿದ ಚಾಪೆ, ಕೈಯಲ್ಲಿ ತಲೆದಿಂಬು ಇದ್ದವು. ಬಟ್ಟೆಯ ಚೀಲ ಎಲ್ಲಿ ಎಂದು ಕೇಳಿದರೆ ಮರೆತು ಬಂದಿದ್ದರು!

ಕಾಶಿಯಲ್ಲಿ ಕರ್ನಾಟಕದ ಒಂದು ಮಠದಲ್ಲಿ ನಮಗೊಂದು ಕೋಣೆ ಸಿಕ್ಕಿತು. ಅಲ್ಲಿನ ವ್ಯವಸ್ಥಾಪಕರು ಬಾಗಲಕೋಟೆ ಕಡೆಯವರು. ಚಹಾ ಕೊಟ್ಟು, ಬಹಳ ಪ್ರೀತಿಯಿಂದಲೇ ಗಡುವನ್ನೂ ಕೊಟ್ಟರು. "ಶಿವರಾತ್ರಿಗೆ ಯಾತ್ರಿಕರು ತುಂಬಿ ಬಿಡ್ತಾರ್ರಿ. ಅಷ್ಟರಾಗ ಖೋಲಿ ಖಾಲಿ ಮಾಡ್ಬೇಕಾಗ್ತದ." ಶಿವರಾತ್ರಿ ಬಾಗಿಲಲ್ಲೇ ನಿಂತಿತ್ತು. ನಾನು ಕೆಲಸಕ್ಕೆ ಹಾಜರಾಗಬೇಕಾದ ದಿನವೂ, ಅತ್ತಿಯ ವಾಪಸು ರೈಲೂ ಅದರ ಪಕ್ಕದಲ್ಲೇ ನಿಂತಿದ್ದವು.

ಕಾಶಿ ಅಗ್ಗದ ಊರು ಎಂದು ನನಗೆ ಯಾರು ಹೇಳಿದರೋ, ಅವರಿಗೆ ಪುಣ್ಯ ಬರಲಿ! ಗದಗಿನಲ್ಲಿ ಅಂಗಳ, ಹಿತ್ತಲು, ಕರಿಬೇವಿನ ಗಿಡ ಸಮೇತ ಮನೆಗೆ ನಾನು ಕೊಡುತ್ತಿದ್ದ ಬಾಡಿಗೆಯನ್ನು ಇಲ್ಲಿನ ದಲಾಲಿಯ ಮುಂದೆ ಹೇಳಿದೆ. ಆತ ಬಾಯಲ್ಲಿದ್ದ ಪಾನನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿ, "ದೀದಿ, ಇಷ್ಟಕ್ಕೆ ಇಲ್ಲಿ ಬಾಲ್ಕನಿ ಸಿಗುತ್ತೆ. ನಿಂತ್ಕೊಳ್ಳೋಕೆ," ಎಂದು ಹಿಂದಿಯಲ್ಲಿ ವಿನಯವಾಗಿ ತಿಳಿಸಿದ.

ಮೊದಲ ಮನೆ ಕಂಟೋನ್ಮೆಂಟಿನ ಕಡೆ, ಹೊಸ ಅಪಾರ್ಟ್‌ಮೆಂಟು. ಕನ್ನಡಿಯಂಥ ನೆಲ. ನಾನು ಅಡುಗೆಮನೆಯ ಕಪಾಟು ತೆರೆದು ನೋಡುತ್ತಿದ್ದೆ. ಹಿಂದಿನಿಂದ ದಲಾಲಿಯ ಚೀತ್ಕಾರ!

"ಅರೇ! ಮಾತಾಜಿ ಕೋ ಕಾ ಭಯಲ್?"

ಮಾತಾಜಿಗೆ ಏನಾಯಿತೋ ಎಂದು ಓಡಿ ಬಂದೆ. ಅತ್ತಿ ನಡುಮನೆಯಲ್ಲಿ ಚಾಪೆ ಹಾಸಿ, ದಿಂಬಿಟ್ಟು, ಎದೆಯ ಮೇಲೆ ಕೈ ಜೋಡಿಸಿ ಮಲಗಿದ್ದಾರೆ! ಕಾವಲುಗಾರ ನೀರು ತರಲು ಓಡಿದ. ಮನೆಯ ಮಾಲೀಕ, ತನ್ನ ಹೊಸ ಮನೆಯಲ್ಲಿ ಮೊದಲ ಸಾವು ಸಂಭವಿಸಿತೆಂದು ಗೋಡೆ ಹಿಡಿದು ನಿಂತ. ಕಾವಲುಗಾರ ತಂದ ನೀರನ್ನು ಮುಖಕ್ಕೆ ಎರಚುವ ಹೊತ್ತಿಗೆ ಅತ್ತಿ ಒಂದು ಕಣ್ಣು ತೆರೆದರು.

"ನಕೋ! ಪಾನಿ ಕಾಯಕು?"

ಬೇಡ, ನೀರು ಯಾಕೆ ಎನ್ನುವ ಅತ್ತಿಯ ಈ ಹಿಂದಿ ಗದಗಿನ ಓಣಿಯ ಹಿಂದಿ. ಪಕ್ಕದ ಮನೆಯ ಸಾಬರ ಹೆಂಗಸರ ಜೊತೆ ಜಗಳ, ಪ್ರೀತಿ ಎರಡನ್ನೂ ಮಾಡುತ್ತ ಕಲಿತದ್ದು. ಇದನ್ನು ಕೇಳಿದ ಕಾಶಿಯ ಜನ, ಅವರು ಯಾವುದೋ ಹೊರದೇಶದಿಂದ ಬಂದ ಸಾಧ್ವಿ ಇರಬೇಕೆಂದು ಕೈ ಮುಗಿಯುತ್ತಿದ್ದರು.

"ಅತ್ತಿ, ಏನಿದು? ಮರ್ಯಾದಿ ಹೋಗ್ತೈತಿ!" ಎಂದೆ.

"ಯಾಕ ಹೋಗ್ತೈತಿ? ಮಂದಿ ನಿಂತು ನೋಡಿ ಮನಿ ಹಿಡೀತಾರ, ಆಮ್ಯಾಲ ಮಕ್ಕೊಂಡು ಅಳತಾರ. ನಿಂತಾಗ ಎಲ್ಲಾ ಮನೀನೂ ಛಲೋನ ಕಾಣಸ್ತಾವ, ತಂಗಿ. ಮಕ್ಕೊಂಡಾಗ ಖರೇ ಹೇಳ್ತಾವ. ಇದು ಬ್ಯಾಡ. ಮ್ಯಾಲಿನವರು ಕುರ್ಚಿ ಎಳೀತಾರ, ಲಿಫ್ಟ್ ಗೊರಕಿ ಹೊಡೀತೈತಿ."

ಮಾಲೀಕನಿಗೆ ನಾನು ಇದನ್ನು ಅನುವಾದ ಮಾಡಲಿಲ್ಲ. ಬಾಡಿಗೆ ಕೇಳಿದ ಮೇಲೆ ನನಗೂ ಅದೇ ಚಾಪೆಯ ಮೇಲೆ ಮಲಗಬೇಕೆನ್ನಿಸಿತ್ತು!

ಎರಡನೆಯ ಮನೆ ಹಳೆಯ ಗಲ್ಲಿಯೊಂದರಲ್ಲಿ. ಈಗ ಆ ಗಲ್ಲಿಗಳಲ್ಲಿ ಮನೆಗಳೇ ಇಲ್ಲ, ಎಲ್ಲ ಹೋಂಸ್ಟೇಗಳು. ಅತ್ತಿ ಚಾಪೆ ಬಿಚ್ಚುವಷ್ಟರಲ್ಲಿ ಒಡೆಯ ನಯವಾಗಿ ಹೇಳಿದ, "ಮಾತಾಜಿ, ಆರಾಮಾಗಿ ಮಲಗಿ. ಸಂಜೆಯೊಳಗೆ ಎದ್ದರೆ ಅರ್ಧ ದಿನದ ಚಾರ್ಜ್ ಮಾತ್ರ." ನಾನು ಅದನ್ನು ಕನ್ನಡಕ್ಕೆ ತಿರುಗಿಸಿದ್ದೇ ತಡ, ಎಪ್ಪತ್ತರ ಅತ್ತಿ ಚಾಪೆಯ ಸಮೇತ ಗಲ್ಲಿಯ ತಿರುವಿನಲ್ಲಿದ್ದರು. ಅಲ್ಲಿ ಅಡ್ಡ ನಿಂತಿದ್ದ ಗೂಳಿ ಕೂಡ ದಾರಿ ಬಿಟ್ಟಿತು!

ಮೂರನೆಯ ಕಡೆ ಮನೆ ಚೆನ್ನಾಗಿತ್ತು, ಮಾಲೀಕನೂ ಸಭ್ಯನಂತಿದ್ದ. ಆದರೆ ಅವನ ಕಣ್ಣು ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕುತ್ತಿತ್ತು. "ಹಸ್ಬೆಂಡ್ ಕಹಾಂ ಹೈ?"

ಮೂವತ್ತಾರು ವರ್ಷದ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೂ ಪರವೂರಿನಲ್ಲಿ, ಪರಭಾಷೆಯಲ್ಲಿ ಕೇಳಿದಾಗ ತಕ್ಕ ಹಿಂದಿ ಮಾತಿಗಾಗಿ ತಡಕಾಡಿದೆ. ಅತ್ತಿ ಮುಂದೆ ಬಂದರು.

"ಇಸಕು ಹಸ್ಬೆಂಡ್ ನೈ. ಇಸಕು ಬ್ಯಾಂಕ್ ಹೈ!"

ಎಂಥ ಮಂತ್ರ! ಆತನ ಮುಖ ಆರತಿಯ ತಟ್ಟೆಯಂತೆ ಬೆಳಗಿತು. ಒಂಟಿ ಹೆಂಗಸಾದರೇನಂತೆ, ತನ್ನ ಮಗಳಿದ್ದಂತೆ, ಅಂದಹಾಗೆ ಎರಡನೆಯ ಅಂತಸ್ತು ಕಟ್ಟಲು ಸಾಲ ಸಿಗಬಹುದೇ? ಅತ್ತಿ ಅಲ್ಲಿ ಚಾಪೆಯನ್ನೇ ಬಿಚ್ಚಲಿಲ್ಲ. "ನಡಿ ನಡಿ. ಇಂವಾ ಮುಂಜಾನೆದ್ದ ಕೂಡ್ಲೆ ಕಿಡಕ್ಯಾಗ ಹಣಿಕಿ ಹಾಕಿ ಬಡ್ಡಿ ದರ ಕೇಳ್ತಾನ."

ಇಷ್ಟಾದ ಮೇಲೆ ನಾನು ಘಾಟಿನ ಮೆಟ್ಟಿಲ ಮೇಲೆ ಕುಸಿದು ಕೂತೆ. ಬಡ್ತಿಯೂ ಬೇಡ, ಕಾಶಿಯೂ ಬೇಡ, ಊರಿಗೆ ಹೋಗೋಣ ಎಂದೆ. ಅತ್ತಿ ಬಿಸಿ ಕಚೋರಿಯ ದೊನ್ನೆಯನ್ನು ನನ್ನ ಕೈಗಿಟ್ಟು, "ಹೊಟ್ಟಿ ಹಸದಾಗ ನೌಕರಿ ಬಿಡೂ ಮಾತ ಆಡಬಾರದು," ಎಂದರು. ತಿಂದ ಮೇಲೆ ಆ ಮಾತು ನನಗೂ ನೆನಪಿರಲಿಲ್ಲ.

ಮಠದ ವ್ಯವಸ್ಥಾಪಕರೇ ಕೊನೆಗೆ ಶಿವಾಲ ಎಂಬ ಕೇರಿಯ ಒಂದು ಮನೆಯ ಗುರುತು ಹೇಳಿದರು. ಮನೆಯೊಡತಿ ಅತ್ತಿಯ ವಯಸ್ಸಿನ ಮುದುಕಿ. ಅವರ ಮುತ್ತಜ್ಜ ಮೈಸೂರಿನಿಂದ ಕಾಶಿಯಾತ್ರೆಗೆ ಬಂದವರು, ಮರಳಿ ಹೋಗುವುದನ್ನೇ ಮರೆತರಂತೆ! ಅಜ್ಜಿಗೆ ಕನ್ನಡ ಬರುತ್ತಿತ್ತು. ಆದರೆ ಆಡುವವರಿಲ್ಲದೆ ಅದು ಹಿಂದಿಯ ಆಸರೆ ಹಿಡಿದು ನಡೆಯುತ್ತಿತ್ತು.

"ಬನ್ನಿ, ಬನ್ನಿ. ಊಪರ್ ಹೋಗೋಣ. ಸೀಢಿ ಸಂಭಾಲ್ಕೆ ಹತ್ತಿ."

ಮೆಟ್ಟಿಲುಗಳನ್ನು ಜೋಪಾನವಾಗಿ ಹತ್ತಿದೆವು. ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಒಲೆಕಟ್ಟೆ, ಹಸಿರು ಬಾಗಿಲು. ಕಿಟಕಿ ತೆರೆದರೆ ಗಂಗೆ! ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ಬಂತು. ಮನೆಯ ಪಕ್ಕದ ಗಲ್ಲಿ ಇಳಿದರೆ ಹರಿಶ್ಚಂದ್ರ ಘಾಟ್. ಅಲ್ಲಿ ಚಿತೆ ಉರಿಯುತ್ತಿತ್ತು.

ನಾನು ಹಿಂದೆ ಸರಿದೆ. ಅತ್ತಿ ಚಾಪೆ ಹಾಸಿದರು. ಈ ಅಜ್ಜಿಯೂ ಈಗ ಗಾಬರಿಯಾಗುತ್ತಾರೆ ಎಂದು ನಾನು ವಿವರಣೆಗೆ ಬಾಯಿ ತೆರೆದೆ. ಅಜ್ಜಿ ಅತ್ತಿಯನ್ನು ಒಂದು ಗಳಿಗೆ ನೋಡಿದರು, ಸೀರೆಯ ನೆರಿಗೆ ಒತ್ತಿಕೊಂಡರು, "ಸ್ವಲ್ಪ ಸರೀರಿ," ಎಂದು ಅದೇ ಚಾಪೆಯ ಮೇಲೆ ಪಕ್ಕದಲ್ಲಿ ತಾವೂ ಮಲಗಿಬಿಟ್ಟರು!

ಇಬ್ಬರು ಮುದುಕಿಯರು ಸೂರು ನೋಡುತ್ತ ಮಾತಿಗೆ ತೊಡಗಿದರು. ಒಂದು ಗದಗಿನ ಕನ್ನಡ, ಇನ್ನೊಂದು ನಾಲ್ಕು ತಲೆಮಾರು ಗಂಗೆಯಲ್ಲಿ ಮಿಂದ ಮೈಸೂರಿನ ಕನ್ನಡ. ನಾನು ಕಿಟಕಿಯ ಬಳಿ ಕಂಬದಂತೆ ನಿಂತೆ. ದನಿ ಸಣ್ಣದಾಯಿತು, ಪಿಸುಮಾತಾಯಿತು. ಕೊನೆಗೆ ಅತ್ತಿಯ ಗೊರಕೆ ಕೇಳಿಸಿತು. ನಟನೆಯಲ್ಲ, ಅಪ್ಪಟ ಗೊರಕೆ!

ಆಗ ಮೆಟ್ಟಿಲು ಹತ್ತಿ ಅಜ್ಜಿಯ ಮಗ ಬಂದರು. ಐವತ್ತರ ಆಸುಪಾಸು, ಸೀರೆ ವ್ಯಾಪಾರಿ. "ಅಮ್ಮಾ, ಯೇ ಕೌನ್ ಹೈಂ? ಇದು ಹೋಂಸ್ಟೇಗೆ ಅಂತ ಮಾತಾಗಿದೆ, ಪಾರ್ಟಿ ನಾಳೆ ಬರ್ತಾರೆ," ಎಂದು ಹಿಂದಿಯಲ್ಲಿ ದನಿ ಏರಿಸಿದರು.

ಅಜ್ಜಿ ಮಲಗಿದಲ್ಲಿಂದಲೇ ಕೈಯೆತ್ತಿ, ಅಚ್ಚ ಕನ್ನಡದಲ್ಲಿ ಗದರಿದರು. "ಸುಮ್ನಿರೋ ಕತ್ತೆ! ಅವರಿಗೆ ನಿದ್ದೆ ಹತ್ತಿದೆ!"

ಆ ದೊಡ್ಡ ಮನುಷ್ಯ ಬಾಯಿ ಮುಚ್ಚಿ, ಬಾಗಿಲಲ್ಲೇ ಚಪ್ಪಲಿ ಕಳಚಿ, ಗೋಡೆಗೆ ಒರಗಿ ಕೂತರು. ನನ್ನ ಕಡೆ ತಿರುಗಿ ಮೆಲ್ಲಗೆ ಹಿಂದಿಯಲ್ಲಿ ಹೇಳಿದರು, "ನಮ್ಮಜ್ಜಿ ಹೋದ ಮೇಲೆ ಅಮ್ಮ ಈ ಭಾಷೆಯಲ್ಲಿ ನನ್ನನ್ನು ಬೈದೇ ಇರಲಿಲ್ಲ." ಅವರ ಮುಖದಲ್ಲಿ ನಗುವಿತ್ತು. ಹೋಂಸ್ಟೇಯ ಪಾರ್ಟಿಗೆ ಅವರು ಅಲ್ಲೇ ಕೂತು ಫೋನು ಮಾಡಿ, ನಾಳೆ ಬರುವುದು ಬೇಡ ಎಂದರು.

ಅತ್ತಿ ಎದ್ದು, ಮುಖ ಒರೆಸಿಕೊಂಡು, "ಇದ ಮನಿ," ಎಂದರು.

"ಅತ್ತಿ! ಪಕ್ಕದಾಗ ಸುಡುಗಾಡ ಐತಿ!"

"ಇರಲಿ ಬಿಡು. ಹಗಲೂ ರಾತ್ರಿ ಮಂದಿ ಅಡ್ಡಾಡತಿರ್ತಾರ, ದೀಪ ಆರೂದಿಲ್ಲ, ಚಹಾದ ಅಂಗಡಿ ಮುಚ್ಚೂದಿಲ್ಲ. ಒಬ್ಬಾಕಿ ಹೆಣ್ಣಮಗಳಿಗೆ ಇದಕ್ಕಿಂತ ಸುರಕ್ಷಿತ ಓಣಿ ಯಾವುದೈತಿ ಹೇಳು? ಸತ್ತವರು ಯಾರಿಗೂ ತ್ರಾಸ ಕೊಡೂದಿಲ್ಲವಾ. ಕುರ್ಚೀನೂ ಎಳಿಯೂದಿಲ್ಲ!"

ಬಾಡಿಗೆ ಗದಗಿಗಿಂತ ಬಹಳ ಹೆಚ್ಚೇ ಆಯಿತು. ಆದರೂ ಮೊದಲ ದಿನ ಆ ಒಲೆಯ ಮೇಲೆ ಹಾಲು ಉಕ್ಕಿದಾಗ ನಾನು ಮತ್ತು ಅತ್ತಿ ಕೈ ಹಿಡಿದು ಕುಣಿದೆವು. ಅಜ್ಜಿ ಚಪ್ಪಾಳೆ ತಟ್ಟಿದರು.

ಮರುದಿನ ಮಧ್ಯಾಹ್ನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಅತ್ತಿಯನ್ನು ರೈಲು ಹತ್ತಿಸಿದೆ. ಗದಗಿನ ಹೆಂಗಸೊಬ್ಬರು ಸಹಪ್ರಯಾಣಿಕರಾಗಿ ಸಿಕ್ಕಿದ್ದರಿಂದ ಅತ್ತಿ ನನ್ನತ್ತ ಕೈ ಬೀಸುವುದನ್ನೂ ಮರೆತು ಹರಟೆಗೆ ಕೂತರು. ಒಂದು ಬುದ್ಧಿಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ! ಎಂಥ ಕಲ್ಲು ಮನಸ್ಸು ಎಂದು ಸಿಟ್ಟು ಮಾಡಿಕೊಂಡೇ ಆಟೋ ಹತ್ತಿದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸಂಜೆಯಾಯಿತು. ನಾಳೆ ಹೊಸ ಶಾಖೆ, ಹೊಸ ಜನ. ಘಾಟಿನಿಂದ ಹಿಂದಿಯ ಕೂಗು, ಗಂಟೆಯ ಸದ್ದು ಬರುತ್ತಿತ್ತು. ಅಡುಗೆ ಮಾಡುವ ಮನಸ್ಸಾಗದೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೆ.

ಕೆಳಗಿನಿಂದ ಯಾರೋ ಕರೆದರು. "ತಂಗೀ, ಊಟ ಆತೇನವಾ?"

ಬೆಚ್ಚಿಬಿದ್ದು ಎದ್ದೆ. ಅತ್ತಿಯ ಮಾತು! ಅತ್ತಿಯದೇ ರಾಗ! ಮೆಟ್ಟಿಲ ತುದಿಗೆ ಬಂದು ಬಗ್ಗಿ ನೋಡಿದರೆ ಮೈಸೂರು ಮೂಲದ ಆ ಅಜ್ಜಿ ಕತ್ತು ಮೇಲೆತ್ತಿ ನಿಂತಿದ್ದಾರೆ.

"ಸರಿಯಾಗಿ ಹೇಳಿದೆನಾ?" ಎಂದು ನಾಚಿ ಕೇಳಿದರು. "ನಿಮ್ಮತ್ತೆ ಚಾಪೆ ಮೇಲೆ ಮಲಗಿ ಮತ್ತೆ ಮತ್ತೆ ರಟಾಯಿಸಿದರು, ಬಾಯಿಪಾಠ ಮಾಡಿಸಿದರು. ಹುಡುಗಿ ಹೆದರ್ತಾಳೆ, ಬತಾತೀ ನಹೀಂ, ಬಾಯಿಬಿಟ್ಟು ಹೇಳೋದಿಲ್ಲ, ರೋಜ್ ಸಂಜೆ ಹೀಗೇ ಕೇಳಿ, ಬೇರೇನೂ ಬೇಡ ಅಂದರು."

ನಾನು ಕಂಬಿ ಹಿಡಿದು ನಿಂತೆ.

"ಇನ್ನೂ ಇಲ್ರೀ, ಅಜ್ಜಿ."

"ಹಾಗಾದ್ರೆ ಬಾ. ಅನ್ನ ಬಿಸಿಯಾಗಿದೆ."