ಸೊಸೆಗ್ರಹಣ

ಸೊಸೆಗ್ರಹಣವನ್ನು ಕಲ್ಪಿಸಿದವಳು ಅವಳು. ಪುಸ್ತಕದ ರಟ್ಟಿನ ಮೇಲೆ ಬಿದ್ದದ್ದು ಪ್ರಕಾಶನದ ಯಜಮಾನರ ಅಳಿಯನ ಹೆಸರು.

ಆ ಪ್ರಕಾಶನದಲ್ಲಿ ಅಚ್ಚಾಗುತ್ತಿದ್ದದ್ದು ಎಲ್ಲೂ ಇಲ್ಲದ ಲೋಕಗಳ ಕತೆಗಳು. ಆ ಲೋಕಗಳಿಗೆ ಧೂಮಕೇತು, ಗ್ರಹಣ, ಉಲ್ಕೆಗಳನ್ನು ಒದಗಿಸುವುದು ಅವಳ ಕೆಲಸ. ಕಚೇರಿಯವರೆಲ್ಲ ಅವಳನ್ನು ಗ್ರಹಚಾರಕ್ಕ ಎನ್ನುತ್ತಿದ್ದರು. ಅವಳು ಅದನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು.

ಸೊಸೆಗ್ರಹಣದ ಮೇಲಂತೂ ಅವಳಿಗೆ ಹೆತ್ತವಳ ಹೆಮ್ಮೆ. ಆ ಲೋಕಕ್ಕೆ ಎರಡು ಸೂರ್ಯ, ಹಾಗಾಗಿ ಒಬ್ಬೊಬ್ಬರಿಗೂ ಎರಡೆರಡು ನೆರಳು. ಹಿರಿಸೂರ್ಯನಿಂದ ಬೀಳುವುದು ಅತ್ತೆನೆರಳು, ಕಿರಿಯವನಿಂದ ಸೊಸೆನೆರಳು. ಏಳು ತಲೆಮಾರಿಗೊಮ್ಮೆ ಕಿರಿಯ ಹಿರಿಯನ ಬೆನ್ನ ಹಿಂದೆ ಸರಿದಾಗ ಸೊಸೆನೆರಳು ಮಾಯ. ಎಲ್ಲಿಗೆ ಹೋಯಿತು? ತವರಿಗೆ. ಯಾರ ಅಪ್ಪಣೆಯನ್ನೂ ಕೇಳದೆ.

ಅಂದು ಓದುಗರ ಸಭೆ. ಬೆಳಿಗ್ಗೆಯೇ ಯಜಮಾನರು ಕರೆದರು. "ಪ್ರಶ್ನೆ ಕೇಳ್ತಾರಂತೆ. ನೀನು ಪರದೆ ಹಿಂದೆ ನಿಂತು ಅಳಿಯಂದ್ರಿಗೆ ಹೇಳ್ಕೊಡಮ್ಮ."

"ನನ್ನ ಹೆಸರು ಹಾಕಿ, ಪರದೆ ಮುಂದೆ ನಿಂತೇ ಹೇಳ್ತೀನಿ."

"ಹೆಸರು ಮುಂದಿನ ಮುದ್ರಣಕ್ಕೆ ನೋಡೋಣ."

ಕರಡು ತಿದ್ದುವವನು ಅವಳ ಕಿವಿಯಲ್ಲಿ ಉಸುರಿದ, "ಹೋಗಕ್ಕ. ನೀನಿಲ್ದಿದ್ರೆ ಆ ಪುಣ್ಯಾತ್ಮ ಗ್ರಹಣಕ್ಕೇ ಗ್ರಹಣ ಹಿಡಿಸ್ತಾನೆ."

ಅದಕ್ಕಾಗಿಯೇ ಹೋದಳು.

ಪರದೆಯ ಹಿಂದಿನ ಫ್ಯಾನು ಎಣ್ಣೆ ಕಾಣದ ಗಾಡಿಯಂತೆ ಕಿರುಗುಟ್ಟುತ್ತಿತ್ತು. ಓದುಗರೊಬ್ಬರು ಎದ್ದರು. "ಸಾರ್, ಈ ಗ್ರಹಣ ಆಗೋದು ಹೇಗೆ?"

ಅಳಿಯ ಹಲ್ಲಿಯಂತೆ ಪರದೆಗೆ ಅಂಟಿಕೊಂಡ.

"ಕಿರಿಯದು ಹಿರಿಯದರ ಬೆನ್ನ ಹಿಂದೆ," ಎಂದು ಪಿಸುಗುಟ್ಟಿದಳು.

"ಸೊಸೆ ಅತ್ತೆಯ ಬೆಣ್ಣೆ ತಿಂದು..." ಎಂದ ಅಳಿಯ.

ಸಭೆ ಗೊಳ್ಳೆಂದಿತು. ಅವಳು ಹಣೆ ಚಚ್ಚಿಕೊಂಡಳು. "ನೆರಳು, ನೆರಳು. ತವರಿಗೆ."

"ನರಳುತ್ತ ನರಳುತ್ತ ತವರಿಗೆ ಬರ್ತಾಳೆ."

ಮುಂದಿನ ಸಾಲಿನಲ್ಲಿ ಯಜಮಾನರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದುನಿಂತರು. "ನಿಲ್ಸಿ ಅಳಿಯಂದ್ರೇ. ಮೊನ್ನೆ ನನ್ನ ಮಗಳು ಹೊಟ್ಟೆನೋವು ಅಂತ ತವರಿಗೆ ಬಂದದ್ದನ್ನ ಊರಿಗೆಲ್ಲ ಸಾರ್ತಿದ್ದೀರಾ? ನಿಮ್ಮಮ್ಮನ ಬೆಣ್ಣೆಗೆ ಗತಿಗೆಟ್ಟಿದ್ದಾಳಾ ಅವಳು?"

ಅಳಿಯನ ಮುಖ ಬಿಸಿಲಿಗಿಟ್ಟ ಬೆಣ್ಣೆಯಂತೆಯೇ ಇಳಿಯಿತು. "ಇದು... ಇದು ನಾನು ಬರೆದದ್ದಲ್ಲ, ಅತ್ತೆ." ಪುಸ್ತಕ ಬಂದ ಮೇಲೆ ಅವನ ಬಾಯಿಂದ ಹೊರಟ ಮೊದಲ ನಿಜ ಅದು.

ಯಜಮಾನರು ಪರದೆಯ ಹಿಂದಕ್ಕೆ ಓಡಿಬಂದರು. "ತಾಯಿ, ಈಗಲೇ ವೇದಿಕೆಗೆ ಹೋಗು. ಈ ಗ್ರಹಣ ಪೂರ್ತಿ ನಂದೇ ಅಂತ ಹೇಳು. ರಟ್ಟಿನ ತುಂಬ ನಿನ್ನ ಹೆಸರು ಹಾಕಿಸ್ತೀನಿ."

ಇಷ್ಟು ದಿನ ಅವಳು ಕೇಳಿದ್ದು ಅದನ್ನೇ.

"ಬೆಣ್ಣೇನೂ ಸೇರ್ಸಿನಾ?"

"ಬೆಣ್ಣೇನೂ, ನರಳಾಟಾನೂ. ಇಲ್ದಿದ್ರೆ ಇವತ್ತು ನನಗೆ ಮನೆ ಬಾಗಿಲು ತೆಗೆಯಲ್ಲ ನನ್ನ ಹೆಂಡತಿ. ನಿನಗೂ ನಾಳೆಯಿಂದ ಕಚೇರಿ ಬಾಗಿಲು ಮುಚ್ಚಿತು ಅಂತ ತಿಳ್ಕೋ."

ಅವಳು ಚೀಲವನ್ನು ಹೆಗಲಿಗೇರಿಸಿದಳು.

"ನನ್ನ ಗ್ರಹಣದ ಸೊಸೆ ಬೆಣ್ಣೆ ತಿಂದವಳಲ್ಲ, ನರಳಿದವಳೂ ಅಲ್ಲ. ನಾನು ಹೇಳಲ್ಲ, ಯಜಮಾನ್ರೇ."