ಕಂಬಳಿ ಎಳೆದ ಇಬ್ಬರು ಮಾನ್ಯರಿಗೆ

ಶ್ರೀಯುತ ಸರದಾರ ಮತ್ತು ಕುಮಾರಿ ಚಿಗರಿ ಅವರಿಗೆ,
ಮುಧೋಳ ತಳಿ, ವಯಸ್ಸು ಆರು ತಿಂಗಳು,
ಹಿತ್ತಿಲ ಬಾಗಿಲ ಪಕ್ಕದ ಗೋಣಿಚೀಲ,
ಚಿತ್ರದುರ್ಗ.

ಮಾನ್ಯರೇ,

ತಮ್ಮಿಬ್ಬರ ಉದ್ದನೆಯ ಮೂತಿಗಳಿಗೂ, ಅದಕ್ಕಿಂತ ಉದ್ದನೆಯ ಕಾಲುಗಳಿಗೂ, ಊಟದ ಹೊತ್ತಿಗೆ ಗೋಡೆಗೆ ಬಡಿದು ಸುಣ್ಣ ಉದುರಿಸುವ ಬಾಲಗಳಿಗೂ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ಇದೀಗ ಹಿತ್ತಿಲಿನಲ್ಲಿ ಬಕೆಟ್ಟು ಉರುಳಿದ ಸದ್ದು ಕೇಳಿತು. ಮನೆಯೊಳಗಿನ ಮಾತನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಗುಟ್ಟಾಗಿ ಬರೆದು ಮೇಜಿನ ಮೇಲಿಟ್ಟಿದ್ದ ಹಿಂದಿನ ಎರಡು ಪತ್ರಗಳನ್ನು ತಾವು ಓದುವ ಮೊದಲೇ ತಿಂದಿರುವುದರಿಂದ ನನಗೆ ಬೇರೆ ದಾರಿ ಉಳಿದಿಲ್ಲ.

ಈ ಪತ್ರವನ್ನು ತಮ್ಮ ಹೊರತು ಇತರರೂ ಓದುವ ಸಂಭವ ಇರುವುದರಿಂದ ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಕನಕರಾಜ್. ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಸುತ್ತುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದು ಈಗ ಮನೆಯಲ್ಲಿರುವವನು. ನನ್ನ ಹೆಂಡತಿ ಕಾಳಕ್ಕ ಯಲ್ಲದಕೆರೆಯ ಕುರಿ ಸಾಕುವವರ ಮನೆಯವಳು. ಕೆಲಸ ಬಿಟ್ಟ ಮೇಲೆ ನಾನು ಸುಮ್ಮನೆ ಕುಳಿತು ಗೋಡೆ ನೋಡುವುದನ್ನು ಕಂಡು ಬೇಸತ್ತು, ಅವಳ ತಮ್ಮ ಬೀರಪ್ಪನ ಹಟ್ಟಿಯಲ್ಲಿ ಗಬ್ಬವಾಗಿದ್ದ ಬೇಟೆನಾಯಿಯ ಮರಿಗಳಲ್ಲಿ ಎರಡನ್ನು ನನಗೆಂದು ಹೇಳಿಟ್ಟಿದ್ದಳು. ಗಂಡಿಗೆ ಸರದಾರ, ಹೆಣ್ಣಿಗೆ ಚಿಗರಿ ಎಂದು ಹೆಸರನ್ನೂ ಅವಳೇ ಗೊತ್ತು ಮಾಡಿದ್ದಳು. ಯುಗಾದಿಗೆ ಎಂಟು ದಿನ ಇರುವಾಗ ಮೂರು ದಿನದ ಜ್ವರದಲ್ಲಿ ಹೊರಟುಹೋದಳು. ತಾವು ಹುಟ್ಟಿದ್ದು ಆಮೇಲೆ.

ಎರಡು ತಿಂಗಳು ತುಂಬಿದಾಗ ಬೀರಪ್ಪ ತಮ್ಮನ್ನು ಈಚಲ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲ್ ಕಟ್ಟಿ, ಬಸ್ಸಿನಲ್ಲಿ ತಂದು ನನ್ನ ಮುಂದೆ ಇಳಿಸಿದ. "ಅಕ್ಕ ಹೇಳಿದ್ಲು, ನಾ ತಂದೀನಿ ಭಾವ. ಆದ್ರೆ ಇಟ್ಕಳ್ರಿ. ಆಗ್ಲಿಲ್ಲ ಅಂದ್ರೆ ದಸರಾ ಕಳುದ್ಮ್ಯಾಲೆ ನಾನೇ ಬಂದು ಕರ್ಕಂಡೋಗ್ತೀನಿ, ಸಂಕೋಚ ಬ್ಯಾಡ" ಎಂದ. ಅಂದರೆ ತಮ್ಮ ವಾಸದ ಅವಧಿ ದಸರೆಯವರೆಗೆ ಎಂಬುದು ಮೊದಲ ದಿನವೇ ತಮ್ಮೆದುರಿಗೇ ನಿಗದಿಯಾಗಿತ್ತು. ತಾವು ಆ ಹೊತ್ತಿನಲ್ಲಿ ಬುಟ್ಟಿಯ ಹಿಡಿಯನ್ನು ಜಗಿಯುವುದರಲ್ಲಿ ಮಗ್ನರಾಗಿದ್ದಿರಿ.

ಈಗ ದೂರುಗಳಿಗೆ ಬರುತ್ತೇನೆ.

ಕಂಡಕ್ಟರ್ ಕೆಲಸ ಮಾಡಿದವನಿಗೆ ವಿಷಲ್ ಎಂದರೆ ಒಂದು ಹೆಮ್ಮೆ. ಹೊಳಲ್ಕೆರೆ ಸಂತೆಯ ದಿನ ಬಾಗಿಲಲ್ಲಿ ಜನ ನೇತಾಡುವಂತೆ ತುಂಬಿದ ಬಸ್ಸು ಕೂಡ ನಾನು ಒಮ್ಮೆ ಊದಿದರೆ ನಿಲ್ಲುತ್ತಿತ್ತು, ಎರಡು ಸಲ ಊದಿದರೆ ಹೊರಡುತ್ತಿತ್ತು. ಅದೇ ವಿಷಲ್ಲನ್ನು ತೊಳೆದು, ಹೊಸ ದಾರ ಕಟ್ಟಿ, ಬಹಳ ಆಸೆಯಿಂದ ತಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ತಾವು ಒಂದಕ್ಕೇ ಹೊರಡುತ್ತೀರಿ, ಎರಡಕ್ಕೆ ಇನ್ನೂ ಜೋರಾಗಿ ಹೊರಡುತ್ತೀರಿ, ಮೂರನೆಯದನ್ನು ಊದಲು ನನ್ನಲ್ಲಿ ಉಸಿರು ಇರುವುದಿಲ್ಲ. ಆ ವಯಸ್ಸಿಗೇ ಅಂಥ ಓಟ ಓಡುವ ಜೀವಗಳನ್ನು ನಾನು ನೋಡಿಲ್ಲ. ನೋಡಿದ್ದೂ ಬಹುಪಾಲು ಹಿಂಭಾಗವನ್ನೇ.

ತಮ್ಮ ವಂಶದವರು ಕಣ್ಣಿನಿಂದ ಬೇಟೆಯಾಡುವವರು, ದೂರದಲ್ಲಿ ಏನು ಅಲುಗಿದರೂ ಬಿಡುವವರಲ್ಲ ಎಂದು ಬೀರಪ್ಪ ಹೇಳಿದ್ದ. ಮೊಲದ ಬೇಟೆಗೆ ಈಗ ಕಾನೂನಿನ ಒಪ್ಪಿಗೆಯಿಲ್ಲ ಎಂಬುದನ್ನು ತಾವು ಗೌರವಿಸಿ, ಅದರ ಬದಲು ಒಣಗಿಹಾಕಿದ ಪಂಚೆ, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ, ಹಾಲಿನವನ ಸ್ಕೂಟರಿನ ಹಿಂದಿನ ಚಕ್ರ ಮುಂತಾದವನ್ನು ಹಿಡಿಯುತ್ತಿರುವುದು ಶ್ಲಾಘನೀಯ. ಆದರೆ ಬೆಟ್ಟದ ಮೇಲಿನ ಗಾಳಿಯಂತ್ರಗಳ ವಿಷಯದಲ್ಲಿ ತಾವು ಮರುಚಿಂತನೆ ಮಾಡಬೇಕು. ಅವುಗಳ ರೆಕ್ಕೆ ತಿರುಗುವುದನ್ನು ಕಂಡ ಕೂಡಲೇ ಕತ್ತು ನಿಗುರಿಸಿ, ನನ್ನ ತೋಳು ಕಿತ್ತುಬರುವಂತೆ ಹಗ್ಗ ಜಗ್ಗುತ್ತಾ, ಇನ್ನೇನು ಹಿಡಿದೇಬಿಟ್ಟೆವು ಎಂಬ ಧೈರ್ಯದಲ್ಲಿ ತಾವು ಹೊರಡುವಾಗ ನಾನು ಹಿಂದಿನಿಂದ ಎಷ್ಟು ಸಲ ತಿಳಿಹೇಳಿದ್ದೇನೆ. ಅಕಸ್ಮಾತ್ ಒಂದನ್ನು ಹಿಡಿದು ತಂದರೂ ಇಡಲು ನಮ್ಮ ಹಿತ್ತಿಲಿನಲ್ಲಿ ಜಾಗವಿಲ್ಲ.

ಶೌಚದ ಶಿಸ್ತಿಗೆಂದು ಹಳೆಯ ಪತ್ರಿಕೆಗಳನ್ನು ಹಾಸಿದೆ. ತಾವು ಪತ್ರಿಕೆಯನ್ನು ಹರಿದು ಪಕ್ಕಕ್ಕಿಟ್ಟು, ನೆಲ ಕಾಣುವಂತೆ ಸ್ವಚ್ಛ ಮಾಡಿಕೊಂಡು, ಆಮೇಲೆ ಕೂರುತ್ತೀರಿ. ನಾನು ಓದುತ್ತಾ ಕೈಯಲ್ಲಿ ಹಿಡಿದಿದ್ದ ಅಂದಿನ ಪತ್ರಿಕೆಯನ್ನು ಕೂಡ ತಮಗಾಗಿ ಹಾಸಿದ್ದೆಂದು ಒಮ್ಮೆ ಚಿಗರಿಯವರು ಭಾವಿಸಿದ್ದನ್ನು ಇಲ್ಲಿ ವಿವರಿಸುವುದಿಲ್ಲ.

ಇನ್ನೊಂದು ಸಣ್ಣ ದೂರು ನನ್ನ ದಿನಚರಿಯದು. ಬಸ್ಸಿನ ಕಾಲದಿಂದಲೂ ದಿನಕ್ಕೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗಿದೆ. ಯುಗಾದಿಯಿಂದ ತಾವು ಬರುವವರೆಗೆ ಪ್ರತಿಯೊಂದು ಪುಟದಲ್ಲೂ "ವಿಶೇಷವೇನಿಲ್ಲ" ಎಂದಷ್ಟೇ ಇದೆ. ಬರೆಯಲು ಸುಲಭ, ಕೈಗೆ ಆಯಾಸವಿಲ್ಲ. ತಾವು ಕಾಲಿಟ್ಟ ದಿನದಿಂದ ಪುಟ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದೇನೆ. ಒಬ್ಬ ವಯಸ್ಸಾದವನ ನೆಮ್ಮದಿಯ ಖಾಲಿ ಪುಟಗಳನ್ನು ಹೀಗೆ ಹಾಳು ಮಾಡುವ ಅಧಿಕಾರ ತಮಗೆ ಯಾರು ಕೊಟ್ಟರು?

ತಮ್ಮ ವಿದ್ಯಾಭ್ಯಾಸದ ಬಗ್ಗೆಯೂ ಹೇಳಲೇಬೇಕು. ಹಿರಿಯೂರಿನಲ್ಲಿ ಸಂಸಾರ ಹೂಡಿರುವ ನನ್ನ ಮಗಳು ದೇವಿಕಾ ಒಂದು ಭಾನುವಾರ ಬಂದವಳು, ನಾನು ತಮಗೆ ವಿನಯದಿಂದ ಬುದ್ಧಿ ಹೇಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿ ನಕ್ಕುಬಿಟ್ಟಳು. "ಅಪ್ಪಾ, ನಾಯಿಗೆ ಭಾಷಣ ಬಿಗೀಬ್ಯಾಡ. ಒಂದೊಂದೇ ಮಾತು ಹೇಳು. ಮೊಬೈಲ್‌ನಾಗೆ ಎಲ್ಲಾರೂ ಇಂಗ್ಲಿಷ್‌ನಾಗೇ ಕಲಿಸ್ತಾರೆ" ಎಂದು ಒಂದು ಹಾಳೆಯಲ್ಲಿ ಸಿಟ್, ಕಮ್, ನೋ, ಸ್ಟೇ ಎಂದು ದಪ್ಪಕ್ಷರದಲ್ಲಿ ಬರೆದು, ತಮ್ಮ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಗೋಡೆಗೆ ಅಂಟಿಸಿ ಹೋದಳು. ಸಿಟ್ ಎಂದರೆ ಕೂರಬೇಕು, ಕಮ್ ಎಂದರೆ ಬರಬೇಕು, ನೋ ಎಂದರೆ ಬಾಯಲ್ಲಿರುವುದನ್ನು ಬಿಡಬೇಕು, ಸ್ಟೇ ಎಂದರೆ ಇದ್ದಲ್ಲೇ ಇರಬೇಕು. ಬೇಯಿಸಿದ ಮೊಟ್ಟೆಯ ಚೂರಿನ ಬಲದಿಂದ ಮೊದಲ ಮೂರನ್ನು ತಾವು ಎರಡೇ ವಾರದಲ್ಲಿ ಕಲಿತಿರಿ. ನಾಲ್ಕನೆಯದು ಕೊನೆಗೂ ತಲೆಗೆ ಹತ್ತಲಿಲ್ಲ.

ಕಲಿತ ಮೂರನ್ನಾದರೂ ಇಂಗ್ಲಿಷಿನಲ್ಲೇ ಕಲಿತಿದ್ದರೆ ನನಗೆ ತೊಂದರೆ ಇರಲಿಲ್ಲ. ತಾವು ಅದನ್ನು ಕನ್ನಡದಲ್ಲೂ ಕೇಳಿಸಿಕೊಳ್ಳುತ್ತೀರಿ. ನನ್ನ ಎಡಗಾಲಿನ ಚಪ್ಪಲಿ ಕಚ್ಚಿದ ದಿನ ನಾನು ನಿಜವಾಗಿಯೂ ಕೆರಳಿ, "ನಂಗೆ ಸಿಟ್ಟು ಬಂದ್ರೆ ಏನಾಗ್ತೈತೆ ಗೊತ್ತೇನ್ರಿ?" ಎಂದು ಕೂಗಿದರೆ, ತಾವಿಬ್ಬರೂ ಪಕ್ಕಪಕ್ಕದಲ್ಲಿ ಪಟ್ಟನೆ ಕುಳಿತು, ಕಿವಿ ಹಿಂದಕ್ಕೆ ಮಾಡಿ, ಮೊಟ್ಟೆಗಾಗಿ ನನ್ನ ಮುಖ ನೋಡಿದಿರಿ. ಸಿಟ್ಟು ಎಂದ ಕೂಡಲೇ ಎದುರಿನವರು ಕುಳಿತುಬಿಟ್ಟರೆ ಯಾವ ಮನುಷ್ಯ ತಾನೇ ಅದನ್ನು ಮುಂದುವರಿಸಬಲ್ಲ? ಪಕ್ಕದ ಮನೆಯ ಏಕನಾಥಮ್ಮ ಸೊಪ್ಪಿನ ಗಾಡಿಯ ಮುಂದೆ ನಿಂತು "ಸ್ವಲ್ಪ ಕಮ್ಮಿ ಮಾಡ್ಕಳಪ್ಪ" ಎಂದದ್ದಕ್ಕೆ ತಾವು ಕಾಂಪೌಂಡ್ ಹಾರಿ ಹೋಗಿ ಅವರ ಎಡಬಲಕ್ಕೆ ನಿಂತಿರಿ. "ನಾಯಿ ಬಿಟ್ಟು ಚೌಕಾಸಿ ಮಾಡ್ತೀರಲ್ಲಮ್ಮೋ!" ಎಂದು ಸೊಪ್ಪಿನವನು ಒಂದು ಕಟ್ಟು ಜಾಸ್ತಿಯೇ ಕೊಟ್ಟು ಗಾಡಿ ತಳ್ಳಿದ. ಅಂದಿನಿಂದ ಏಕನಾಥಮ್ಮ ಆ ಮಾತನ್ನು ನಮ್ಮ ಗೇಟಿನ ಕಡೆ ಮುಖ ಮಾಡಿಯೇ ಹೇಳುತ್ತಾರೆ. ಇನ್ನು ನಾನು ಏಳುವಾಗ ಕೂರುವಾಗ "ಅಯ್ಯೋ ಮಂಡಿನೋವು" ಎಂದು ನರಳಿದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ತಾವು ಬಾಯಲ್ಲಿರುವುದನ್ನು ಕೆಳಗಿಡುತ್ತೀರಿ. ಕಳೆದುಹೋದ ಕಾಲುಚೀಲ, ಬಾಚಣಿಗೆ, ಟಾರ್ಚಿನ ಮುಚ್ಚಳ ಎಲ್ಲವೂ ನನಗೆ ಸಿಕ್ಕಿದ್ದು ಹೀಗೆ ನರಳಿದ್ದರಿಂದಲೇ.

ಇಷ್ಟೆಲ್ಲವನ್ನೂ ಸಹಿಸಿಕೊಂಡಿದ್ದೆ. ಆದರೆ ಕಂಬಳಿಯ ವಿಷಯ ಬೇರೆ.

ಕಾಳಕ್ಕನ ಮದುವೆಯಲ್ಲಿ ಅವಳ ತಂದೆ ತಮ್ಮದೇ ಕುರಿಗಳ ಉಣ್ಣೆಯಿಂದ ನೇಯಿಸಿ ಕೊಟ್ಟ ಕರಿಕಂಬಳಿ ಅದು. ಕೊನೆಯ ಜ್ವರದಲ್ಲಿ ಅವಳು ಹೊದ್ದದ್ದೂ ಅದನ್ನೇ. ಆಮೇಲೆ ನಾನೇ ಮಡಿಸಿ ಟ್ರಂಕಿನ ಮೇಲಿಟ್ಟೆ. ಒಗೆದುಕೊಡುತ್ತೇನೆಂದ ದೇವಿಕಾಳ ಕೈಗೂ ಕೊಡಲಿಲ್ಲ. ಏಳು ತಿಂಗಳು ನಾನು ಅದರ ಮಡಿಕೆ ಬಿಚ್ಚಲಿಲ್ಲ. ದಸರೆ ಮುಗಿದ ಗುರುವಾರ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ತಾವು ಅದನ್ನು ನಡುಮನೆಗೆ ಎಳೆದು ತಂದು, ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು ನಿಂತಿದ್ದಿರಿ. ಒಂದು ಅಂಚು ಹರಿದಿತ್ತು. ನಾನು ಕೂಗಿದ ಮಾತಿನಲ್ಲಿ ಸಿಟ್ಟು ಎಂಬ ಶಬ್ದ ಬಂದಿರಬೇಕು, ತಾವು ಕಂಬಳಿಯ ಮೇಲೆಯೇ ಕುಳಿತಿರಿ. ಆ ದಿನ ನನಗೆ ನಗು ಬರಲಿಲ್ಲ. ಬೀರಪ್ಪನಿಗೆ ಫೋನ್ ಮಾಡಿ, ಸೋಮವಾರ ಬಂದು ಕರೆದುಕೊಂಡು ಹೋಗು ಎಂದು ಹೇಳಿಬಿಟ್ಟೆ. ದಿನಚರಿಯಲ್ಲಿ ಅಂದು ಎರಡೇ ಸಾಲು ಬರೆದದ್ದು.

ನಿನ್ನೆ ಸೋಮವಾರ. ಬೀರಪ್ಪ ಮೊದಲ ಬಸ್ಸಿಗೇ ಬಂದ, ಹೆಗಲ ಮೇಲೆ ಎರಡು ಹಗ್ಗ. ಕಾಫಿ ಕುಡಿದು, ನಾನು ಕುರ್ಚಿಯಲ್ಲಿ ಮೆಲ್ಲಗೆ ಕೂರುವುದನ್ನು ನೋಡಿದ. ಸರದಾರರು ಆ ಹೊತ್ತಿಗೆ ಸರಿಯಾಗಿ, ನಾನು ಮತ್ತೆ ಮಡಿಸಿಟ್ಟಿದ್ದ ಕಂಬಳಿಯನ್ನು ಮತ್ತೆ ಎಳೆದುಕೊಂಡು ಬಾಗಿಲಲ್ಲಿ ಕಾಣಿಸಿಕೊಂಡರು, ಚಿಗರಿಯವರು ಹಿಂದೆ. ನಾನು ತೋರಿಸಿದೆ, ನೋಡಪ್ಪ ಇವರ ಕೆಲಸ ಎಂದು. ಬೀರಪ್ಪ ನೋಡಿ, "ಇವು ಹುಟ್ಟಿದ್ದೇ ಇಂಥಾ ಕಂಬಳಿ ಮ್ಯಾಲೆ ಭಾವ. ಅವ್ವನ ವಾಸ್ನಿ ಅನ್ಕಂಡಿರ್ತಾವೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೋವು ಕಮ್ಮಿ ಆತೇನ್ ಭಾವ?" ಎಂದು ಕೇಳಿದ.

ಅವನು ಕೇಳಿದ್ದು ಮಂಡಿಯದೋ ಬೇರೆಯದೋ ನನಗೆ ಈಗಲೂ ಗೊತ್ತಿಲ್ಲ. ಮೊದಲ ಶಬ್ದಕ್ಕೆ ಸರದಾರರು ಕಂಬಳಿ ಬಿಟ್ಟರು. ಎರಡನೆಯದಕ್ಕೆ ತಾವಿಬ್ಬರೂ ಬಂದಿರಿ. ಕರೆದ ಬೀರಪ್ಪನ ಹತ್ತಿರಕ್ಕಲ್ಲ, ನನ್ನ ಹತ್ತಿರಕ್ಕೆ. ಬಂದು ಎರಡು ಮಂಡಿಯ ಮೇಲೆ ಎರಡು ಮೂತಿ ಇಟ್ಟು ನಿಂತಿರಿ. ಏಳು ತಿಂಗಳಿಂದ ಯಾರು ಏನು ಕೇಳಿದರೂ "ಆರಾಮಾಗಿದೀನಿ" ಎಂದೇ ಹೇಳುತ್ತಾ ಬಂದವನ ಬಾಯಿಂದ ನಿನ್ನೆ "ಇಲ್ಲ ಕಣಪ್ಪ ಬೀರ, ಕಮ್ಮಿ ಆಗಿಲ್ಲ" ಎಂದು ಬಂದುಬಿಟ್ಟಿತು. ಆಗಿಲ್ಲ ಎಂಬುದು ತಮಗೆ ಲೆಕ್ಕಕ್ಕಿಲ್ಲವಲ್ಲ. ಮತ್ತೆ ಕರೆದರೆಂದು ತಿಳಿದು ತಾವು ಎಂಟು ಕಾಲೂ ಸೇರಿಸಿ ನನ್ನ ಮೇಲೆ ಹತ್ತಿದಿರಿ. ಕುರ್ಚಿ ಹಿಂದಕ್ಕೆ ವಾಲಿತು. ಬೀರಪ್ಪ ಹಿಡಿಯದಿದ್ದರೆ ಈ ಪತ್ರವನ್ನು ಆಸ್ಪತ್ರೆಯಿಂದ ಬರೆಯಬೇಕಾಗುತ್ತಿತ್ತು.

ಆಮೇಲೆ ಬೀರಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ತಂದ ಹಗ್ಗಗಳನ್ನು ಸುತ್ತಿ ಎತ್ತಿಕೊಂಡ. "ಇಂಗ್ಲಿಷ್ ಕಲ್ತಿರೋ ನಾಯಿ ತಗಂಡು ನಾ ಏನ್ ಮಾಡ್ಲಿ ಭಾವ? ತ್ವಾಳ ಬಂದ್ರೂ ಸಿಟ್ ಅಂತ ಕುಂತ್ಕಂಬಿಡ್ತಾವೆ. ನೀವೇ ಇಟ್ಕಳ್ರಿ" ಎಂದು ಮಧ್ಯಾಹ್ನದ ಬಸ್ಸು ಹತ್ತಿದ.

ಆದ್ದರಿಂದ ದೂರು ಎಂದು ಬರೆಯಲು ಕುಳಿತದ್ದು ಮನವಿಯಾಗಿ ಮುಗಿಯುತ್ತಿದೆ. ಗಾಳಿಯಂತ್ರಗಳನ್ನು ಬೆಟ್ಟದ ಮೇಲೆಯೇ ಬಿಡಬೇಕು. ನಾನು ಹತ್ತು ಹೆಜ್ಜೆ ಓಡುವಾಗ ತಾವು ನೂರಕ್ಕೆ ಮೀರದಂತೆ ಓಡಬೇಕು. ಮುಂದಿನ ಜನ್ಮದವರೆಗೆ ಬಲಗಾಲಿನ ಚಪ್ಪಲಿಗೆ ಬಾಯಿ ಹಾಕಬಾರದು. ಕಂಬಳಿಯನ್ನು ನಿನ್ನೆಯೇ ನಡುಮನೆಯಲ್ಲಿ ಬಿಚ್ಚಿ ಹಾಸಿದ್ದೇನೆ; ಹರಿದ ಅಂಚಿನ ಕಡೆ ತಮ್ಮದು, ಇನ್ನೊಂದು ಕಡೆ ನನ್ನದು. ಗೆರೆ ದಾಟಿದರೆ ನನಗೆ ಮತ್ತೆ ಸಿಟ್ಟು ಬರುತ್ತದೆ, ತಾವು ಮತ್ತೆ ಕೂರಬೇಕಾಗುತ್ತದೆ.

ಇಂತು, ತಮ್ಮಿಂದ ಅರ್ಧ ಕಂಬಳಿಗೆ ಇಳಿದಿರುವ,
ತಮ್ಮ ವಿಶ್ವಾಸಿ,
ಕನಕರಾಜ್

ಮರೆತ ಮಾತು: ಗೋಡೆಯ ಹಾಳೆಯಲ್ಲಿರುವ ನಾಲ್ಕನೆಯ ಮಾತನ್ನು ಕಲಿಸುವ ಪ್ರಯತ್ನವನ್ನು ಇಂದಿನಿಂದ ಕೈಬಿಟ್ಟಿದ್ದೇನೆ. ಜಮೀನಿನ ತಕರಾರಿನಲ್ಲಿ ಜನ ವಕೀಲರ ಹಿಂದೆ ವರ್ಷಗಟ್ಟಲೆ ಅಲೆದು ತರುವ ಸ್ಟೇಯನ್ನು ತಾವು ಒಂದು ಮೊಟ್ಟೆಯ ಚೂರೂ ಇಲ್ಲದೆ, ನನ್ನ ಮಂಡಿಯ ಮೇಲೆ ಮೂತಿ ಇಟ್ಟೇ ತಂದುಕೊಂಡಿದ್ದೀರಿ. ಇದ್ದಲ್ಲೇ ಇರಿ. ಆದರೆ ಈ ಪೆನ್ನಿನ ಮುಚ್ಚಳ ಯಾರ ಬಾಯಲ್ಲಿದೆಯೋ ಅವರು ದಯವಿಟ್ಟು ಹಿಂದಿರುಗಿಸಬೇಕು. ಇಲ್ಲವಾದರೆ ನಾನು ಈಗಲೇ ನರಳುತ್ತೇನೆ.